ಕಂಪ್ರೆಸರ್ ಗಾಳಿಗೆ ತೂರಿದ ರಾಗಿ

ಆಗ ನನಗೆ ಅರವತ್ತೊಂದು. ಇದಾಗಿ ಆರು ವರ್ಷವಾಯಿತು. ಕಣದಲ್ಲಿ ವರ್ಷದ ರಾಗಿ ಬಿದ್ದಿತ್ತು, ತೂರಲು ಗಾಳಿಯಿರಲಿಲ್ಲ. ನನ್ನ ಗಂಡ ಹುಣಸೂರಿನ ಗುಜರಿಯಿಂದ ಕಾರಿನ ಎಸಿ ಕಂಪ್ರೆಸರ್ ತಂದು, ಮೋಟರಿಗೆ ಬೆಲ್ಟ್ ಹಾಕಿ ಗಾಳಿ ಹೊಡೆಯುವ ಯಂತ್ರ ಮಾಡಿದ. ಎಣ್ಣೆಯಿಲ್ಲದಿದ್ದರೆ ಜಾಮ್ ಆಗುತ್ತದೆಂದು ಒಳಗೆ ಇಂಜಿನ್ ಆಯಿಲ್ ಸುರಿದ. ಒಂದು ಮೊರ ರಾಗಿಗೆ ಗಾಳಿ ಬಿಟ್ಟ. ಹೊಟ್ಟು ಹಾರಿತು, ಜೊತೆಗೆ ಎಣ್ಣೆಯೂ ಸಿಡಿದು ಕಾಳೆಲ್ಲ ಮಿರಮಿರ ಮಿಂಚಿತು.

“ಥೂ, ಲಾರಿ ನಾತ! ವರ್ಸೆಲ್ಲಾ ಉಣ್ಣೋ ರಾಗಿ ಕಣಯ್ಯಾ ಇದು,” ಅಂದೆ.

“ನಾತ ಎಲ್ಲೈತಮ್ಮಿ? ನಾಳೆ ರಾಶಿನೆಲ್ಲಾ ಇದ್ರಲ್ಲೇ ತೂರ್ಬುಡ್ತೀನಿ,” ಅಂದ.

ಗಂಡಸಿಗೆ ಮೂಗಿರುವುದು ಅಂದಕ್ಕಷ್ಟೇ. ಮಾರನೆಯ ಬೆಳಿಗ್ಗೆ ಆ ಮೊರದ ರಾಗಿಯನ್ನಷ್ಟೇ ಬೀಸಿ, ಮುದ್ದೆ ಕಟ್ಟಿ, ಅವನ ತಟ್ಟೆಗಿಟ್ಟು ಎದುರಿಗೇ ಕುಳಿತೆ.