ನದಾಫ ಸರ್ ಕೆಚ್ಚಿದ ಎಳೆ

ನದಾಫ ಸರ್ ಕಿವಿಯ ಮೇಲೆ ಸದಾ ಒಂದು ಸೀಮೆಸುಣ್ಣದ ತುಂಡು ಇರುತ್ತಿತ್ತು, ಬಡಿಗೇರರು ಪೆನ್ಸಿಲ್ ಸಿಕ್ಕಿಸಿಕೊಂಡ ಹಾಗೆ. ಸಂಜೆ ಲಕ್ಷ್ಮೇಶ್ವರದ ಬಸ್ ಹತ್ತಿದರೂ ಅದು ಅಲ್ಲೇ. ಕಂಡಕ್ಟರ್ ನೆನಪಿಸಿದರೆ, "ಇರ್ಲಿ ಬಿಡ್ರಿ, ಮನ್ಯಾಗೂ ಒಬ್ಬಾಕಿ ವಿದ್ಯಾರ್ಥಿನಿ ಅದಾಳ" ಎನ್ನುತ್ತಿದ್ದರು. ಮನೆಯಲ್ಲಿ ಪಾಠ ಹೇಳುವವರು ಅವರ ಹೆಂಡತಿಯೇ ಎಂಬುದು ಕಾಲೇಜಿಗೆಲ್ಲ ಗೊತ್ತಿತ್ತು.

ಗದಗಿನ ನಮ್ಮ ಕಾಲೇಜಿನಲ್ಲಿ ಅವರು ಸಂಖ್ಯಾಶಾಸ್ತ್ರ ಕಲಿಸುತ್ತಿದ್ದರು. ವಿದ್ಯಾರ್ಥಿವೇತನದ ಉಸ್ತುವಾರಿಯೂ ಅವರದೇ. ನನ್ನ ಓದು ನಡೆಯುತ್ತಿದ್ದದ್ದು ಆ ವೇತನದಿಂದ. ಅದು ನಿಂತರೆ ಕಾಲೇಜೂ ನಿಂತಂತೆ. ಕರಾರು ಸರಳವಾಗಿತ್ತು: ಹಾಜರಿ ತುಂಬಿರಬೇಕು, ಎಲ್ಲ ವಿಷಯ ಪಾಸಾಗಬೇಕು. ಒಂದು ಉಳಿದರೆ ಮುಂದಿನ ಪರೀಕ್ಷೆಯಲ್ಲಿ ಮುಗಿಸಬೇಕು, ಮತ್ತೆ ಅವಕಾಶವಿಲ್ಲ.

ನಾನು ಉಳಿಸಿಕೊಂಡದ್ದು ಸರ್ ವಿಷಯವನ್ನೇ. ಬೆಟಗೇರಿಯ ನಮ್ಮ ಮನೆಯಲ್ಲಿ ಅವ್ವ ಕೈಮಗ್ಗ ನೇಯುತ್ತಾಳೆ. ಮಗ್ಗದಲ್ಲಿ ಮುಗಿಯುತ್ತ ಬಂದ ಹಾಸಿನ, ಅಂದರೆ ಉದ್ದ ನೂಲುಗಳ, ಒಂದೊಂದು ಎಳೆಗೂ ಹೊಸ ಹಾಸಿನ ಎಳೆಯನ್ನು ಬೆರಳಲ್ಲಿ ಹೊಸೆದು ಕೂಡಿಸುವುದಕ್ಕೆ ಕೆಚ್ಚುವುದು ಎನ್ನುತ್ತೇವೆ. ಕೆಚ್ಚಲು ಕೂತವರು ಅರ್ಧಕ್ಕೆ ಏಳಬಾರದು, ಎಳೆ ಸಿಕ್ಕಾಗುತ್ತದೆ ಎಂಬುದು ಅವ್ವನ ಕಟ್ಟಳೆ. ಪರೀಕ್ಷೆ ಇದ್ದದ್ದು ಮಧ್ಯಾಹ್ನ. ಅಷ್ಟರಲ್ಲಿ ಮುಗಿದೀತೆಂದು ಬೆಳಿಗ್ಗೆ ಅವಳೆದುರು ಕೂತೆ. ಮುಗಿಯಲಿಲ್ಲ. ಗಡಿಯಾರ ನೋಡುತ್ತಲೇ ಕೆಚ್ಚಿದೆ, ಏಳಲಿಲ್ಲ. ನೇಕಾರರ ಮನೆಯವರಲ್ಲದೆ ಬೇರೆ ಯಾರೂ ಹೀಗೆ ಪರೀಕ್ಷೆ ತಪ್ಪಿಸಿಕೊಂಡಿರಲಾರರು.

"ಜ್ವರ ಬಂದಿತ್ತಂತ ಬರೀರಿ ಸರ್" ಎಂದು ಮರುದಿನ ಬೇಡಿಕೊಂಡೆ.

"ಬಂದಿತ್ತೇನು?"

"ಇಲ್ರಿ."

"ಮತ್ತ ನಾ ಬರ್ಯಾಂಗಿಲ್ಲ. ದಿನಾ ಸಂಜಿ ನನ್ನ ಕಡೆ ಕುಂಡ್ರು. ಪಾಸಾಗು, ಆತು."

ಸಂಜೆ ಮಗ್ಗಕ್ಕೆ ನಾನು ಬೇಕೆಂದೆ. ಆ ಭಾನುವಾರ ಸರ್ ನಮ್ಮ ಮನೆಗೇ ಬಂದುಬಿಟ್ಟರು.

"ಅಕ್ಕಾರ, ಪರೀಕ್ಷಾ ಮುಗಿಯೂತನಕ ಈಕಿನ್ನ ಮಗ್ಗದಿಂದ ಬಿಡ್ರಿ."

"ಬಿಡ್ತೇನ್ರಿ. ಮುಂದಿನ ಹಾಸು ನೀವ ಬಂದು ಕೆಚ್ಚತೀರೇನು?" ಅವ್ವ ಸಿಡುಕಿದಳು.

"ಬರ್ತೇನ್ರಿ. ಯಾವತ್ತಂತ ಹೇಳ್ರಿ."

ಹೇಳಿದ ದಿನ ಬಂದೇ ಬಂದರು. ಎಳೆ ಜಾರದಂತೆ ಬೆರಳಿಗೆ ಬೂದಿ ಹಚ್ಚಿಕೊಂಡು, ಅವ್ವನ ಎದುರು ಚಕ್ಕಂಬಕ್ಕಲ ಹಾಕಿ ಕೂತರು. ನಾನು ಪಕ್ಕದಲ್ಲಿ ಲೆಕ್ಕ ಬಿಡಿಸಬೇಕು. ಎಳೆಗಳ ನಡುವಿನಿಂದಲೇ "ಸರಾಸರಿ ತಗದೀ ಏನಲೇ?" ಎಂದು ಕೂಗುತ್ತಿದ್ದರು. "ಬಾಯಿ ಜಲ್ದಿ ಓಡ್ತೈತಿ, ಕೈ ಓಡವಲ್ದ್ರಿ ಸರ್" ಎಂದು ಅವ್ವ ನಕ್ಕಳು. ಅವಳು ಪರರ ಎದುರು ಅಷ್ಟು ನಕ್ಕದ್ದನ್ನು ನಾನು ನೋಡಿರಲಿಲ್ಲ.

ನಾನು ಪಾಸಾದೆ, ವೇತನ ಉಳಿಯಿತು. ಸರ್ ಮಾತ್ರ ಒಂದು ಕಡೆ ಫೇಲಾಗಿದ್ದರು. ಕರಿ ಎಳೆಗೆ ಅಂಚಿನ ಕೆಂಪು ಎಳೆ ಕೆಚ್ಚಿದ್ದರಿಂದ ಕರಿ ಸೀರೆಯ ಉದ್ದಕ್ಕೂ ಕೆಂಪು ಗೆರೆಯೊಂದು ಓಡಿತ್ತು. ಮೊದಲ ಗೇಣಿಗೇ ಅದು ಅವ್ವನ ಕಣ್ಣಿಗೆ ಬಿದ್ದಿತ್ತು. "ಪಾಪ, ಅವರು ಕೂಡಿಸಿದ್ದನ್ನ ಹರಿಯೂದು ಹ್ಯಾಂಗ?" ಎಂದು ಒಂದು ಸೀರೆ ಹಾಗೆಯೇ ನೇಯ್ದು ತನಗೇ ಇಟ್ಟುಕೊಂಡಳು. ಆಮೇಲೆ ಎಳೆ ಸರಿಪಡಿಸಿದಳು.

ನಾನು ಮುಂಡರಗಿಯಲ್ಲಿ ಶಿಕ್ಷಕಿಯಾದ ಮೇಲೆ, ಸರ್ ಹಾಸಿಗೆ ಹಿಡಿದಿದ್ದಾರೆಂದು ಕೇಳಿ ಅವ್ವನೂ ನಾನೂ ಲಕ್ಷ್ಮೇಶ್ವರಕ್ಕೆ ಹೋದೆವು. ಅವ್ವ ಅದೇ ಸೀರೆ ಉಟ್ಟಿದ್ದಳು. ಸರ್ ಆ ಗೆರೆಯನ್ನು ಬಹಳ ಹೊತ್ತು ನೋಡಿದರು. ಕಿವಿಯ ಮೇಲೆ ಸೀಮೆಸುಣ್ಣವಿರಲಿಲ್ಲ.

"ಎಷ್ಟು ಮಾರ್ಕ್ಸ್ ಕೊಡ್ತೀರಿ ಅಕ್ಕಾರ?"

"ಪಾಸ್ ಹ್ಯಾಂಗ ಮಾಡ್ಲಿರಿ? ಇನ್ನೊಮ್ಮೆ ಬಂದು ಕುಂಡ್ರಬೇಕು ನೀವು."

"ಬರ್ತೇನ್ರಿ" ಎಂದರು ಸರ್.

ಬರಲಿಲ್ಲ. ಅವರು ತೀರಿಹೋದ ಮೇಲೆ ಮಗ್ಗಕ್ಕೆ ಹೊಸ ಹಾಸು ಬಂತು. ಊರಿಗೆ ಬಂದಿದ್ದ ನಾನು ಬೆಳಿಗ್ಗೆ ಅವ್ವನ ಎದುರು ಕೆಚ್ಚಲು ಕೂತೆ. ಮಧ್ಯಾಹ್ನ ಮುಂಡರಗಿಯ ಶಾಲೆಯಲ್ಲಿ ಮಕ್ಕಳ ಪರೀಕ್ಷೆಯಿತ್ತು. ಬಸ್ಸಿನ ಹೊತ್ತಾದರೂ ಇನ್ನೂ ಅರ್ಧ ಉಳಿದಿತ್ತು. ನಾನು ಏಳಲಿಲ್ಲ, ಎಳೆಯಿಂದ ಕಣ್ಣೂ ತೆಗೆಯಲಿಲ್ಲ. ಅವ್ವ ನನ್ನ ಕೈಯಿಂದ ಎಳೆ ತೆಗೆದುಕೊಂಡಳು.

"ಏಳು, ಬಸ್ ತಪ್ತೈತಿ. ಇದು ಅರ್ಧಕ್ಕ ನಿಂತ್ರ ನಿಲ್ಲಲಿ. ನಿಮ್ಮ ಸರ್ ಇದ್ದಿದ್ರ ಬೈತಿದ್ರು."