ಬಾಗಿಲಿಗೆ ಬಂದ ಹಗರಣ

ನೆಲ ಕಳೆದುಕೊಂಡವರು ಕಾರವಾರದ ಬಳಿಯ ಚೆಂಡಿಯಾ ಊರಿನವರು. ನಕ್ಕ ತಪ್ಪಿಗೆ ಠಾಣೆಯ ಮೆಟ್ಟಿಲು ಹತ್ತಿದವರೂ ಅವರೇ. ಅವರಲ್ಲೊಬ್ಬರು, ಕಾರವಾರದಲ್ಲಿ ನನಗೆ ಇಂಗ್ಲಿಷ್ ಕಲಿಸಿದ ಬೊಮ್ಮಯ್ಯ ಮಾಸ್ತರರು.

ಪದದ ಅರ್ಥವನ್ನು ಅವರು ಕುಳಿತು ಹೇಳಿದವರಲ್ಲ. ‘ಕಾಮಿಡಿ’ ಎಂದರೆ ನಗಿಸುವ ನಾಟಕ ಎಂದು ನಾನು ಉತ್ತರಿಸಿದ ದಿನ, ಶಾಲನ್ನು ತಲೆಗೆ ಸುತ್ತಿ ಬೆಂಚುಗಳ ನಡುವೆ ಕುಣಿಯುತ್ತ ಬಂದರು.

“ನಗೂದು ಆಮೇಲೆ, ತಂಗೀ. ಮೊದ್ಲು ಮೆರವಣಿಗೆ. ಗ್ರೀಕರ ‘ಕೋಮೋಸ್’ ಅಂದ್ರೆ ಹೀಂಗೆ ಕುಣೀತಾ ಹೋಗೂದು. ಅದ್ರ ಹಾಡೇ ಕಾಮಿಡಿ. ನಮ್ಮ ಹೋಳಿ ಹಗರಣ ಇಲ್ವಾ, ಅದೇಯಾ! ‘ಕೋಮೆ’, ಅಂದ್ರೆ ಹಳ್ಳಿ, ಅದ್ರಿಂದ ಬಂತು ಅನ್ನೋರೂ ಇದ್ರು. ಪಟ್ಟಣದಿಂದ ಹೊರಗೆ ಹಾಕ್ದ ಆಟದವ್ರು ಹಳ್ಳಿಹಳ್ಳಿ ತಿರುಗಿದ್ರಂತೆ.”

“ಯಾವ್ದು ಖರೆ, ಸರ್?”

“ಹೊರಗೆ ಹಾಕ್ಸ್ಕಂಡವ್ರಿಗೇ ಕೇಳು!”

ವೇಷ ಹಾಕಿ, ದೊಡ್ಡವರನ್ನು ಅವರ ಬಾಗಿಲಲ್ಲೇ ಅಣಕಿಸುವ ಆಟ ನಮ್ಮ ಹಗರಣ. ಅಣಕಕ್ಕೆ ಗುರಿಯಾದವರು ದೀಪ ಹಚ್ಚಿ ತೆಂಗಿನಕಾಯಿ ಕೊಟ್ಟರೆ ಸಿಟ್ಟು ಅಲ್ಲಿಗೆ ಮುಗಿಯಿತು.

ನೌಕಾನೆಲೆಗೆ ಊರು ಹೋಗಿ, ಅಂಕೋಲಾ ಕಡೆಯ ಪುನರ್ವಸತಿ ಕಾಲೊನಿ ಸೇರಿದ ಮೇಲಿನ ಹೋಳಿಯಲ್ಲಿ ನಿವೃತ್ತ ಮಾಸ್ತರರು ಟೈ ಕಟ್ಟಿ, ಕರಿಕನ್ನಡಕ ಏರಿಸಿ, ನಿವೇಶನ ಹಂಚಿದ ಅಧಿಕಾರಿಯಾದರು. ಒಣಗಿದ ನಲ್ಲಿಗೆ ಅಳತೆಯ ಟೇಪು ಹಿಡಿದು ಗದರಿದರು: “ನಕ್ಷೇಲಿ ನೀರು ಬರ್ತಾ ಅದೆ. ನಿಮ್ಗೆ ಕಾಣೂದಿಲ್ಲ ಅಂದ್ರೆ ಕಣ್ಣಿನ ಡಾಕ್ಟ್ರಿಗೆ ತೋರ್ಸಿ!” ವರ್ಷಗಳಿಂದ ನಗದಿದ್ದ ಹೆಂಗಸರು ಕೊಡ ಕೆಳಗಿಟ್ಟು ನಕ್ಕರು.

“ನಡೀರಿ, ಕಾಯಿ ಕೊಡೂ ಪುಣ್ಯ ಸಾಹೇಬ್ರಿಗೂ ಸಿಗ್ಲಿ,” ಎಂದು ಮಾಸ್ತರರು ಮೇಳವನ್ನು ಅಧಿಕಾರಿಯ ಮನೆಗೇ ಕರೆದೊಯ್ದರು. ಬಾಗಿಲಿಗೆ ಬಂದ ಹಗರಣವನ್ನು ಯಾರೂ ಅಟ್ಟುವುದಿಲ್ಲವೆಂಬುದು ಅವರ ನಂಬಿಕೆ. ಪರವೂರಿನ ಆ ಮಹಾನುಭಾವರು ಬಾಗಿಲು ತೆರೆಯಲಿಲ್ಲ, ಪೊಲೀಸರನ್ನು ಕರೆಸಿದರು. ಸರ್ಕಾರಿ ಕೆಲಸಕ್ಕೆ ಅಡ್ಡಿಯೆಂದು ದೂರು. ಹಬ್ಬದ ದಿನ, ಮನೆಯ ಬಾಗಿಲಲ್ಲಿ, ಯಾವ ಕೆಲಸಕ್ಕೆ ಅಡ್ಡಿ? ನಲ್ಲಿ ಒಣಗಿಸುವ ಕೆಲಸಕ್ಕೆ?

ಮರುವರ್ಷ ಯಾರೂ ವೇಷ ಹಾಕಲಿಲ್ಲ. ನಾನು ಕೊನೆಯ ಸಲ ಮಾಸ್ತರರ ಮನೆಗೆ ಹೋದಾಗ ಆ ಟೈ, ಗಂಟು ಬಿಚ್ಚದೆಯೇ, ಗೂಟದಲ್ಲಿ ತೂಗುತ್ತಿತ್ತು.

“ಅವ್ರು ನಗದಿದ್ರೂ ಅಡ್ಡಿಲ್ಲಾಗಿತ್ತು, ತಂಗೀ. ಬಾಗ್ಲು ತೆಗ್ದು ನೋಡ್ಬೇಕಿತ್ತು.”

ಆ ಮಳೆಗಾಲದಲ್ಲೇ ಮಾಸ್ತರರು ತೀರಿಕೊಂಡರು. ಅವರ ಸಂಗಡಿಗರ ಮೇಲಿನ ದೂರು ಮಾತ್ರ ಬದುಕಿದೆ.

ಅಧಿಕಾರಿಗಳೇ, ಬರುವ ಹೋಳಿಯೊಳಗೆ ಅದನ್ನು ಲಿಖಿತವಾಗಿ ಹಿಂಪಡೆಯಿರಿ. ಹಗರಣ ನಿಮ್ಮ ಬಾಗಿಲಿಗೆ ಬಂದಾಗ ಹೊರಗೆ ನಿಂತು ಪೂರ್ತಿ ನೋಡಿ. ತೆಂಗಿನಕಾಯಿ ಬೇಡ. ನಲ್ಲಿಗೆ ನೀರು ಬಿಡಿ.