ನಾರು ಸುತ್ತಿದ ಜೋಳದ ಕಡ್ಡಿ

ನಿಜಾಮನ ಕಾಲದಲ್ಲಿ, ಕೊಳಕೂರಿನಲ್ಲಿ ಯಾರ ಕಾಲಿನಿಂದ ದಾರದಂಥ ನಾರುಹುಳ ಹೊರಟರೂ ಮಾಳಮ್ಮನನ್ನೇ ಕರೆಯುತ್ತಿದ್ದರು. ಹುಳದ ತುದಿಯನ್ನು ಜೋಳದ ಕಡ್ಡಿಗೆ ಸುತ್ತಿ, ದಿನಾ ಬೆರಳಗಲದಷ್ಟೇ ಎಳೆಯುವಳು. ಹರಿದರೆ ಕಾಲೇ ಕೊಳೆಯುತ್ತಿತ್ತು. ಕೈ ಮೆತ್ತಗೆ, ಬಾಯಿ ಮಾತ್ರ ಜೋರು. "ಅಳಬ್ಯಾಡಲೇ, ಹಡಿಯಾಕತ್ತಿ ಏನು?" ಎಂದು ಗಂಡಸರನ್ನೇ ಕಾಡುವಳು. ಅವಳು ಬಡಿದ ರೊಟ್ಟಿಯೂ ಎಂದೂ ಹರಿದದ್ದಿಲ್ಲ, ಇರಲಿ, ಅದು ಬೇರೆ ಮಾತು.

ಉರಿ ತಡೆಯದವರನ್ನು ಮೆಟ್ಟಿಲ ಬಾವಿಗೆ ಕರೆದೊಯ್ದು, ಕಾಲನ್ನು ನೀರಿಗೆ ಇಳಿಬಿಡಿಸುವುದು ಅವಳ ಪದ್ಧತಿ. ಊರು ಕುಡಿಯುವುದೂ ಅದೇ ನೀರು. ಗಂಡ ಹುಲೆಪ್ಪನನ್ನೂ ಹಾಗೇ ಕೂರಿಸಿದ್ದಾಗ, ಜೇವರ್ಗಿಯಿಂದ ಬಂದಿದ್ದ ಕಂಪೌಂಡರ ಗೌಸಮೊಹಿದ್ದೀನ ನೋಡಿ ತಲೆ ಹಿಡಿದುಕೊಂಡ.

"ಎಬ್ಸವ್ವಾ ಅವನ್ನ! ಹುಳ ತನ್ನ ಮರಿ ನೀರಿಗೆ ಬಿಡಾಕತ್ತದ. ಕುಡದವರ ಮೈಯಾಗ ಬರೋ ವರ್ಷ ಅದಽ ಹುಳ ಆಗ್ತದ."

"ಏ ಸಾಬ್ರ, ಹುಳಕ್ಕ ಅಷ್ಟು ಬುದ್ಧಿ ಎಲ್ಲಿದರಿ?"

"ಬುದ್ಧಿ ಯಾಕ ಬೇಕು? ಮನುಷ್ಯಾನ್ನ ಕೊಂದ ಹುಳ ಅವನ ಜತಿಗೇ ಮಣ್ಣಾತು. ಉರಿ ಹಚ್ಚದ ಹುಳ ನೀರು ಮುಟ್ಟದಽ ಸತ್ತಿತು. ಕೊಲ್ಲದಂಗ, ಆದ್ರ ನೀರಿಗೆ ಓಡೂಹಂಗ ಸುಟ್ಟ ಹುಳದ ಸಂತಾನ ಅಷ್ಟಽ ಉಳಕೊಂಡು ಬಂದದ. ಇನ್ನ ಅರಿಬಿಲೆ ಸೋಸಿ ಕುಡೀರಿ."

ಅಂದಿನಿಂದ ಮಾಳಮ್ಮ ಸೆರಗು ಮಡಚಿ ನೀರು ಸೋಸತೊಡಗಿದಳು. ಆದರೆ ಮಗಳು ಶರಣಬಸಮ್ಮ, ಪಾಪ, ಅಪ್ಪನ ಕಾಲು ಮುಳುಗಿದ್ದ ನೀರನ್ನು ಅದಾಗಲೇ ಕುಡಿದಿದ್ದಳು. ಮರುಬೇಸಿಗೆಗೆ ಅವಳ ಪಾದದ ಮೇಲೆ ಗುಳ್ಳೆ ಎದ್ದು ಒಡೆದು ಹುಳ ಹೊರಟಿತು, ಮಾಳಮ್ಮ ಅದರ ತುದಿಯನ್ನು ಕಡ್ಡಿಗೆ ಸುತ್ತಿದಳು.

"ಯವ್ವಾ, ಬಾವಿಗೆ ಒಯ್ಯಬೇ! ಊರ ಮಂದೀನೆಲ್ಲಾ ಒಯ್ದಿ, ನನ್ನಷ್ಟಽ ಯಾಕ ಒಲ್ಲಿ?"

ಮಾಳಮ್ಮ ಬಾಗಿಲಿಗೆ ಅಡ್ಡ ಕೂತಳು. ಮಗಳ ಕಾಲೂ ಉಳಿಯಬೇಕು, ಆ ಕಾಲಿನಿಂದ ಮತ್ತೊಬ್ಬರ ಮಗಳಿಗೆ ಹುಳ ಹತ್ತಲೂಬಾರದು. ಕೊಡದಲ್ಲಿ ನೀರು ತಂದು ಉರಿಯ ಮೇಲೆ ಸುರಿದು, ಅದನ್ನು ತಿಪ್ಪೆಗೆ ಚೆಲ್ಲಿದಳು. ಸುರಿದ ನೀರಿಗೆ ಉರಿ ಎಷ್ಟು ಹೊತ್ತು ತಣಿದೀತು? ಹುಡುಗಿ ಬಾವಿಗೆ ಓಡಲೆಂದು ಎದ್ದಳು, ತಾಯಿ ಅವುಚಿ ಹಿಡಿದಳು. ಆ ಎಳೆದಾಟದಲ್ಲಿ ಕಡ್ಡಿ ಕಿತ್ತು ಬಂತು. ಹುಳ ಒಳಗೇ ಹರಿದು ತುಂಡಾಯಿತು.

ಕಾಲು ಬಾತು, ಕೀವಾಗಿ, ಮೊಣಕಾಲು ಮಡಚಿದ್ದು ಮತ್ತೆ ನೆಟ್ಟಗಾಗಲಿಲ್ಲ.

ಆಮೇಲೊಂದು ದಿನ ಮಾಳಮ್ಮ ನೀರಿಗೆ ಹೋದಾಗ, ಬಾವಿಯ ಕೊನೆಯ ಮೆಟ್ಟಿಲಲ್ಲಿ ನೆರೆಮನೆಯ ಗುರಮ್ಮ ಕಾಲು ಇಳಿಬಿಟ್ಟು ಕಣ್ಣು ಮುಚ್ಚಿ ಕೂತಿದ್ದಳು.

"ಏಳಬೇ ಗುರಮ್ಮಾ, ಹುಳ ಮರಿ ಬಿಡ್ತದ."

"ನೀನಽ ಕಲಿಸಿದ್ದಲ್ಲೇನಕ್ಕಾ? ಜೀವಕ್ಕ ಎಷ್ಟು ತಂಪಾಗಾಕತ್ತದ ಗೊತ್ತೇನು? ನಿನ್ನ ಮಗಳ್ನ ಬಾವಿಗೆ ಬಿಡಲಿಲ್ಲ, ಏನಾತು ಹೇಳು?"

ಮನೆಯಲ್ಲಿ ಮಗಳು ಬಾಯಾರಿ ಮಲಗಿದ್ದಳು. ಮಾಳಮ್ಮ ಗುರಮ್ಮನ ಕಾಲಿನ ಪಕ್ಕದಲ್ಲೇ ಕೊಡ ಮುಳುಗಿಸಿದಳು.